ದಪ್ಪಗೆ ಊದಿದ ಗಾಜು

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳಲ್ಲಿ ನಾನು ಅಲ್ಲಿನ ಒಂದು ಶೆಡ್ಡಿನಲ್ಲಿ ಗಾಜು ಊದುತ್ತಿದ್ದೆ. ನೀರಿನ ಹುಳಿ ಅಳೆಯುವ ಪಿಎಚ್ ಮೀಟರಿಗೆ ಒಂದು ಎಲೆಕ್ಟ್ರೋಡ್ ಇರುತ್ತದಲ್ಲ, ನಾವು ಕಡ್ಡಿ ಅನ್ನುತ್ತಿದ್ದೆವು, ಅದರ ತುದಿಯ ಗುಳ್ಳೆ ನನ್ನ ಕೆಲಸ. ಆ ಗಾಜಿನೊಳಗೆ ಅಯಾನುಗಳು ನುಸುಳಿಕೊಂಡು ಸಾಗಿದರೇನೇ ಮೀಟರಿಗೆ ಸುದ್ದಿ ಮುಟ್ಟುವುದು. ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿದ್ದರೆ ಅಂಕಿ ಬೇಗ ನಿಲ್ಲುತ್ತದೆ, ದಪ್ಪವಾದರೆ ತೆವಳುತ್ತದೆ. ಇದು ನನಗೂ ಗೊತ್ತಿತ್ತು, ಮಾಲೀಕನಿಗೂ ಗೊತ್ತಿತ್ತು.

"ಲಾರೀಲಿ ಒಡೆದು ವಾಪಸ್ ಬರ್ತಿವೆ ಕಣಯ್ಯ, ದಪ್ಪಗೆ ಊದು" ಅಂದ.

"ಸಾರ್, ಅಂಕಿ ನಿಲ್ಲೋಕೆ ಎರಡು ನಿಮಿಷ ಹಿಡಿಯತ್ತೆ."

"ಕಾಯ್ತಾರೆ ಬಿಡು."

ಯಾರು ಕಾಯುತ್ತಾರೆ, ಇವನಪ್ಪನೇ? ಮನಸ್ಸಿನಲ್ಲೇ ಉಗಿದು, ದಪ್ಪಗೇ ಊದಿದೆ.

ಮೂರು ತಿಂಗಳಿಗೆ ಲಗ್ಗೆರೆಯಿಂದ ಒಬ್ಬ ಹೆಂಗಸು ಶೆಡ್ಡಿಗೆ ಬಂದಳು. ರಾಯಚೂರಿನ ಕಡೆಯವಳು, ಲೋಹಕ್ಕೆ ಲೇಪ ಕೊಡುವ ಪ್ಲೇಟಿಂಗ್ ಕಾರ್ಖಾನೆಯೊಂದರಲ್ಲಿ ಕೊಳಕು ನೀರಿನ ತೊಟ್ಟಿ ನೋಡಿಕೊಳ್ಳುತ್ತಿದ್ದಳು. ಕಡ್ಡಿ ಅದ್ದು, ಹತ್ತು ಎಣಿಸು, ಅಂಕಿ ಬರೆ, ಆರಕ್ಕಿಂತ ಮೇಲಿದ್ದರೆ ನೀರು ಬಿಡು. ಅವಳಿಗೆ ಕಲಿಸಿದ್ದು ಇಷ್ಟೆ. ಹುಳಿ ಹೆಚ್ಚಿದ್ದಷ್ಟೂ ಅಂಕಿ ಕೆಳಗಿಳಿಯಬೇಕು. ನನ್ನ ದಪ್ಪ ಗುಳ್ಳೆಯ ಕಡ್ಡಿ ಹತ್ತು ಎಣಿಸುವಷ್ಟರಲ್ಲಿ ಏಳರಿಂದ ಆರೂವರೆಗಷ್ಟೇ ಇಳಿದಿತ್ತು. ಆಸಿಡ್ ನೀರು ಮೋರಿಗೆ ಹೋಯಿತು, ತಪಾಸಣೆಯವರು ಬಂದರು, ಅವಳನ್ನು ಕೆಲಸದಿಂದ ತೆಗೆದರು.

"ಸುಳ್ಳ ಬರ್ದಿಲ್ರಿ, ನೋಡೇ ಬರ್ದೀನಿ" ಎಂದು ಕಡ್ಡಿ ಚಾಚಿದಳು. "ಇದರಾಗ ದೋಷ ಐತಿ ಅಂತ ಒಂದ್ ಚೀಟಿ ಕೊಡ್ರಿ. ಮತ್ತ ಕೆಲಸಕ್ಕ ತಗೋತಾರ."

"ಕಡ್ಡಿ ಸರಿಯಾಗೇ ಇದೆ, ಇವಳಿಗೆ ನೋಡೋಕೆ ಬರಲ್ಲ" ಅಂದ ಮಾಲೀಕ, ಅವಳ ಎದುರಿಗೇ.

ನನಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯಿತು. ಒಂದು ಲೋಟ ಹುಳಿ ನೀರಿಗೆ ನನ್ನ ಹಳೆಯ ತೆಳು ಗುಳ್ಳೆಯ ಕಡ್ಡಿಯನ್ನೂ ಅವಳದನ್ನೂ ಒಟ್ಟಿಗೆ ಅದ್ದಿ, ಎರಡು ಮೀಟರಿಗೆ ಸಿಕ್ಕಿಸಿದೆ. ತೆಳುವಿನದು ಸರ್ರನೆ ಮೂರಕ್ಕೆ ಇಳಿದು ನಿಂತಿತು. ಅವಳದು ಇನ್ನೂ ಆರರ ಆಸುಪಾಸಿನಲ್ಲೇ ಇತ್ತು. "ದಪ್ಪಗೆ ಊದಿದ್ರೆ ತಡ ಆಗತ್ತೆ ಅಂತ ಅವತ್ತೇ ಹೇಳಿದ್ದೆ. ಈಗ ಹೇಳಿ ಸಾರ್, ಯಾರಿಗೆ ನೋಡೋಕೆ ಬರಲ್ಲ?" ಅಂದೆ.

"ಚೀಟಿ ಗೀಟಿ ಏನೂ ಇಲ್ಲ" ಎಂದು ಅವನು ಕ್ಯಾಬಿನ್ನಿಗೆ ಹೋದ.

ಅವಳು ಅವನತ್ತ ನೋಡಲೂ ಇಲ್ಲ. ನನ್ನನ್ನೇ ನೋಡಿದಳು.

"ನಿಮಗ ಮೊದಲ ಗೊತ್ತಿತ್ತು. ಗೊತ್ತಿದ್ದೂ ಯಾಕ ಊದಿದ್ರಿ ಅಣ್ಣಾರ?"

ಅವಳ ಕಡ್ಡಿಯನ್ನು ಒರೆಸಿ ಅವಳ ಕೈಗೇ ವಾಪಸ್ ಕೊಟ್ಟೆ. ಜೇಬಿನಲ್ಲಿ ಪೆನ್ನು ಇತ್ತು. ಚೀಟಿ ನಾನೂ ಬರೆದುಕೊಡಲಿಲ್ಲ.