ಭಾವನ ಕಟ್ಟೆಯ ಎದುರಿಗೆ

ನಮ್ಮ ತಾಯಂದಿರ ಸಂಘದ ಸುದ್ದಿ ತೆಗೆದವರೆಲ್ಲ ನನ್ನ ತಾಯಿಕರುಳನ್ನು ಹೊಗಳುತ್ತಾರೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಖರೆ ಹೇಳಬೇಕೆಂದರೆ ಆ ಸಂಘ ಕಟ್ಟಿದ್ದು ಹಗೆಯಿಂದ. ನನ್ನ ಗಂಡನ ಅಣ್ಣ ದಿನಾ ಬೆಳಿಗ್ಗೆ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಊರವರ ನ್ಯಾಯ ಬಗೆಹರಿಸುತ್ತಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ. ನಾವು ಆತನ ಕಣ್ಣಿಗೆ ಬೀಳಬೇಕು, ಬಿದ್ದು ಉರಿಸಬೇಕು, ಅದಕ್ಕಾಗಿಯೇ ಎದುರಿನ ನನ್ನ ಪಡಸಾಲೆಯಲ್ಲಿ ಚಾಪೆ ಹಾಸಿದೆ.

ಮುಗಳಖೋಡದ ಹತ್ತಿರದ ಊರಿನಲ್ಲಿ ನಾನು ಅಂಗನವಾಡಿ ಟೀಚರ್. ನನಗೆ ಒಂದೇ ಕೂಸು. ಗಂಡೆಂದು ಹೆಸರಿಟ್ಟೆವು, ಗಂಡೆಂದು ಶಾಲೆಗೆ ಹಾಕಿದೆವು. ಚಿಕ್ಕೋಡಿಯ ಕಾಲೇಜಿಗೆ ಹೋಗುವ ಕಾಲಕ್ಕೆ ಒಂದು ದಿನ, ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಬಂದು ಕೂತು, "ಅವ್ವಾ, ನಾ ಹುಡುಗ ಅಲ್ಲ. ಮೊದಲಿಂದನೂ ಹುಡುಗಿನ ಅದೀನಿ," ಅಂದಿತು.

ಊರಿನ ಅಷ್ಟೂ ಮಕ್ಕಳ ತೂಕ, ಎತ್ತರ ಬರೆದಿಡುವ ನನಗೆ ಆಗ ಗೊತ್ತಿದ್ದದ್ದು ಒಂದೇ ಶಬ್ದ, ಜೋಗಪ್ಪ. ನಮ್ಮ ಕಡೆ ಗಂಡಾಗಿ ಹುಟ್ಟಿ ಸೀರೆ ಉಟ್ಟವರನ್ನು ಯಲ್ಲಮ್ಮ ಕರೆದಳು ಅನ್ನುತ್ತಾರೆ. ಕೊರಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುತ್ತಾರೆ. ನಾನು ಗಂಡನಿಗೆ ಹೇಳಿದೆ. ಆತ ಅಣ್ಣನನ್ನು ಕೇಳದೆ ನೀರೂ ಕುಡಿಯುವವನಲ್ಲ, ಹೋಗಿ ಹೇಳಿದ. ಭಾವ ತೀರ್ಪು ಕೊಟ್ಟ.

"ದೇವಿ ಕಾಟ ಐತಿ. ಬರೂ ಹುಣ್ಣಿವಿಗೆ ಮುತ್ತು ಕಟ್ಟಿಸಿಬಿಡೂನು. ಮನಿತನದ ಮರ್ಯಾದಿನೂ ಉಳಿತೈತಿ."

ದೇವಿ ಕರೆದಳು ಅಂದರೆ ಮಾನ, ಮಗು ತಾನಾಗಿ ಹೇಳಿತು ಅಂದರೆ ಅವಮಾನ. ನನಗೂ ಅದೇ ಸರಿ ಅನ್ನಿಸಿತು. ಹಸಿರು ಬಳೆ ನಾನೇ ತಂದೆ. ಮಗು ನನ್ನ ಸೆರಗು ಹಿಡಿದು, "ನನ್ನ ಯಾವ ದೇವಿನೂ ಕರದಿಲ್ಲ ಅವ್ವಾ. ನಾನ ನಿನ್ನ ಕರ್ಯಾಕತ್ತೀನಿ," ಅಂದಿತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಣ್ಣಿಮೆಯ ದಿನ ಬೆಳಗಾದಾಗ ಹಾಸಿಗೆ ಖಾಲಿ ಇತ್ತು. ಎರಡು ತಿಂಗಳಾದ ಮೇಲೆ ಕೊಲ್ಹಾಪುರದಿಂದ ಫೋನ್ ಬಂತು. ಬದುಕಿದ್ದೇನೆ, ಹುಡುಕಬೇಡಿ ಅಂತ ಎರಡೇ ಮಾತು.

ನನಗೆ ಮೊದಲು ಬುದ್ಧಿ ಹೇಳಿದ್ದು ನಮ್ಮ ಓಣಿಯ ವಯಸ್ಸಾದ ಜೋಗಮ್ಮ. ಆಕೆಯ ಮುಂದೆ ಕೂತು ಅತ್ತರೆ ಸಮಾಧಾನ ಮಾಡುವ ಬದಲು ಬೈದಳು. "ಕರದ್ರ ಹೋಗೂದು ಬ್ಯಾರೆ, ನೂಕೂದು ಬ್ಯಾರೆ. ನಾ ಯಲ್ಲಮ್ಮ ಕರದ್ಲಂತ ಬಂದಾಕಿ. ನಿನ್ನ ಕೂಸನ್ನ ಆಕಿ ಯಾವಾಗ ಕರದಿದ್ಲು? ನಿಮ್ಮ ಭಾವನ ಕಟ್ಟಿ ಮ್ಯಾಲೇನು?"

ಆಮೇಲೆ ಚಿಕ್ಕೋಡಿಯಲ್ಲಿ ಒಬ್ಬ ಆಪ್ತಸಲಹೆಗಾರ್ತಿ ಸಿಕ್ಕಳು, ನನ್ನ ಅರ್ಧ ವಯಸ್ಸಿನವಳು. ತಾನು ಗಂಡೋ ಹೆಣ್ಣೋ ಎಂದು ಒಳಗೆ ಅನ್ನಿಸುವುದು ಒಂದು ವಿಷಯ, ಮನಸ್ಸು ಯಾರ ಮೇಲೆ ಹೋಗುತ್ತದೆ ಅನ್ನುವುದು ಬೇರೆ ವಿಷಯ, ಎರಡೂ ರೋಗವಲ್ಲ, ಕಾಟವೂ ಅಲ್ಲ ಅಂತ ಬಿಡಿಸಿ ಹೇಳಿದಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು ಪಾಠದ ಹಾಗೆ ಓದಿದೆ. ತಿಳಿದಷ್ಟೂ ಸಿಟ್ಟು ಏರಿತು. ಅದರಲ್ಲಿ ಅರ್ಧ ನನ್ನ ಮೇಲೆಯೇ ಇತ್ತು. ಆದರೆ ತನ್ನ ಕೆನ್ನೆಗೆ ತಾನೇ ಎಷ್ಟು ದಿನ ಹೊಡೆದುಕೊಳ್ಳುವುದು? ಎದುರಿಗೆ ಭಾವ ಇದ್ದನಲ್ಲ.

ಮನೆಮನೆಗೆ ತಿರುಗುವ ಕೆಲಸ ನನ್ನದು. ನನ್ನ ಕಥೆ ಊರಿಗೆಲ್ಲ ಗೊತ್ತಿದ್ದರಿಂದ ಇಂಥ ಮಕ್ಕಳಿದ್ದ ತಾಯಂದಿರು ಬಾಗಿಲು ಮುಂದಕ್ಕೆಳೆದು ತಮ್ಮ ಕಥೆ ಹೇಳತೊಡಗಿದರು. ಅವರನ್ನೆಲ್ಲ ತಿಂಗಳಿಗೊಂದು ಭಾನುವಾರ ಕರೆದೆ, ಸರಿಯಾಗಿ ಭಾವನ ನ್ಯಾಯದ ಹೊತ್ತಿಗೆ. ಜೋಗಮ್ಮ ಮೊದಲು ಬಂದು ನಡುವೆ ಕೂತಳು. ಸುದ್ದಿ ಕೇಳಿ ನಿಪ್ಪಾಣಿಯಿಂದ, ಬೀಡಿ ಕಟ್ಟುವ ಒಬ್ಬ ಮುಸ್ಲಿಂ ತಾಯಿ ಎಲೆ, ತಂಬಾಕಿನ ಮೊರದ ಸಮೇತ ಬಂದಳು. ಮಗಳಿಗೆ ತನ್ನ ಗೆಳತಿಯ ಮೇಲೆಯೇ ಜೀವ, ಮದುವೆ ಮಾಡಿದರೆ ನೆಟ್ಟಗಾಗುತ್ತಾಳೆ ಅಂತ ನೆಂಟರು ದುಂಬಾಲು ಬಿದ್ದಿದ್ದಾರೆ ಅಂತ ಹೇಳುವಾಗಲೂ ಕೈ ಬೀಡಿ ಸುತ್ತುತ್ತಲೇ ಇತ್ತು. ನಾನು ಬೇಕಂತಲೇ ದನಿ ಎತ್ತರಿಸಿ ಮಾತಾಡುತ್ತಿದ್ದೆ. ಭಾವನ ಹತ್ತಿರ ಬಂದವರು ಅರ್ಧ ಕಿವಿ ಈ ಕಡೆ ಇಡುತ್ತಿದ್ದರು. ಆತ ಬೆವರು ಒರೆಸಿಕೊಂಡರೆ ನನಗೆ ಹಬ್ಬ.

ಸಂಘದ ಸುದ್ದಿ ಕೊಲ್ಹಾಪುರಕ್ಕೂ ಮುಟ್ಟಿತು. ಮಗಳ ಫೋನುಗಳು ಹೆಚ್ಚಾದವು. ನಾಲ್ಕನೆಯ ವರ್ಷ ಆಕೆಯೇ ಅಂದಳು, "ಈ ಸಲ ಪಂಚಮಿಗೆ ಬರ್ತೀನಿ ಅವ್ವಾ." ಪಂಚಮಿಗೆ ತವರಿಗೆ ಬರುವವರು ಹೆಣ್ಣುಮಕ್ಕಳು. ಅವತ್ತಿನಿಂದ ನಾನು ಉಂಡದ್ದು ಮೈಗೆ ಹತ್ತತೊಡಗಿತು.

ಪಂಚಮಿಗೆ ಎರಡು ತಿಂಗಳಿದೆ ಅನ್ನುವಾಗ ಭಾವ ನಮ್ಮ ಹೊಸ್ತಿಲಿಗೆ ಬಂದ. ಆತನ ಮಗಳಿಗೆ ಅಥಣಿ ಕಡೆಯ ಸಂಬಂಧ ಕೂಡುವುದರಲ್ಲಿತ್ತು.

"ಭಾನುವಾರ ಅವ್ರು ಬರಾಕತ್ತಾರ. ಅವತ್ತ ನಿನ್ನ ಸಂತಿ ಕೂಡಿಸಬ್ಯಾಡ. ಕೇಳಿದ್ರ, ನಿನ್ನ ಹುಡುಗ ತೀರಿಕೊಂಡಾನ ಅನ್ನು. ನಾ ಹಂಗ ಹೇಳೀನಿ."

"ವಿಚಾರ ಮಾಡ್ತೀನ್ರಿ," ಅಂದೆ. ಆತ ನನ್ನ ಉತ್ತರಕ್ಕೆ ಕಾಯುತ್ತ ನಿಂತದ್ದು ನೋಡಿ ಹೊಟ್ಟೆ ತಣ್ಣಗಾಯಿತು.

ಭಾನುವಾರ ಎಲ್ಲರನ್ನೂ ಕರೆದು ಕೂಡಿಸಿದೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಅಕ್ಕಪಕ್ಕದವರನ್ನು ವಿಚಾರಿಸದೆ ಹೋಗುವುದಿಲ್ಲ. ಹುಡುಗನ ತಾಯಿ ನೀರಿನ ನೆಪ ಮಾಡಿ ನಮ್ಮ ಪಡಸಾಲೆಗೆ ಬಂದಳು. "ನಿಮ್ಮ ಮಗಾ ಹೋದ್ನಂತಲ್ರಿ, ಪಾಪ," ಅಂದಳು. ಎದುರಿನ ಕಟ್ಟೆಯಿಂದ ಭಾವ ನೋಡುತ್ತಿದ್ದ.

"ಮಗಾ ಅಲ್ರಿ, ಮಗಳು. ಹೋಗಿಲ್ಲ. ಕೊಲ್ಹಾಪುರದಾಗ ನೌಕರಿ ಮಾಡ್ತಾಳ," ಅಂದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಜೀವಂತ ಕೂಸನ್ನ ಬಾಯಿಲೆ ಕೊಲ್ಲೂ ಮನಿತನ ಇದು. ಅಲ್ಲಿ ಬೆಳದ ಹುಡಿಗಿ ನಾಳೆ ನಿಮಗೇನ್ ಸುಳ್ಳ ಹೇಳ್ತಾಳೋ, ನೀವ ನೋಡ್ಕೊರಿ," ಅಂತಲೂ ಅಂದುಬಿಟ್ಟೆ.

ಆ ಹೆಂಗಸು ಅರ್ಧ ನೀರು ಉಳಿಸಿ ಎದ್ದಳು. ಸಂಜೆಗೆ ಸಂಬಂಧ ಮುರಿದ ಸುದ್ದಿ ಬಂತು. ನಾನು ಶಿರಾ ಮಾಡಿದೆ. ತುಪ್ಪ ಸುರಿದುಕೊಂಡು ತಿಂದೆ. ಕೈ ತೊಳೆದು ಮಗಳಿಗೆ ಫೋನ್ ಮಾಡಿ, ಒಂದಕ್ಷರ ಬಿಡದೆ ಹೇಳಿದೆ.

ಎಲ್ಲ ಕೇಳಿಸಿಕೊಂಡು ಆಕೆ ಅಂದಳು, "ಖರೆ ಹೇಳಿದ್ದು ಛಲೋ ಆತು. ಅದರಾಗ ದೊಡ್ಡಪ್ಪನ ಮನಿ ಅಕ್ಕನ ಹೆಸರ್ಯಾಕ ತಗದಿ? ಹುಣ್ಣಿವಿ ದಿನ ಚುಮುಚುಮು ಬೆಳಗಿನ್ಯಾಗ ತನ್ನ ಸ್ಕೂಟಿ ಮ್ಯಾಲ ನನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟಾಕಿ ಆಕಿ. ಅವರಪ್ಪಗ ಗೊತ್ತಾದ್ರ ಕಾಲ ಮುರೀತಿದ್ದ. ದೊಡ್ಡಪ್ಪ ನನ್ನ ಸಾಯಿಸಿ ತನ್ನ ಕೆಲಸ ಮಾಡ್ಕೊಳ್ಳಾಕ ಹೊಂಟಿದ್ದ. ನೀ ನನ್ನ ಬದುಕಿಸಿ ನಿನ್ನ ಕೆಲಸ ಮಾಡ್ಕೊಂಡಿ. ನಾ ಪಂಚಮಿಗೆ ಬರಂಗಿಲ್ಲ ಅವ್ವಾ."

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುತ್ತಾರೆ. ನಾನು ಕೊಯ್ದದ್ದು ಬೇರೆಯವರ ಮಗಳ ಮೂಗು. ನನ್ನ ಮಗಳು ಕರೆದಾಗ ನಾನು ಓಗೊಡಲಿಲ್ಲ, ಓಗೊಟ್ಟವಳು ಆ ಹುಡುಗಿ. ನಾಲ್ಕು ವರ್ಷ ಆಕೆಯ ಮುಂದೆಯೇ ಅವರಪ್ಪನಿಗೆ ಶಾಪ ಹಾಕಿದ್ದೆ. ಒಂದು ದಿನವೂ ಆಕೆ ಬಾಯಿ ಬಿಟ್ಟಿರಲಿಲ್ಲ. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಮರುದಿನ ಭಾವನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಆ ಹುಡುಗಿಯ ಹತ್ತಿರ ಹೋದೆ. ತಪ್ಪಾಯಿತು ಅಂದೆ. ಅಥಣಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ ಬರಲೇನು ಅಂತ ಕೇಳಿದೆ. ಆಕೆ ನನ್ನ ಮುಖ ನೋಡದೆ ಬಟ್ಟೆ ಹಿಂಡಿದಳು. "ಹೋಗ್ರಿ ಕಾಕು. ಎಲ್ಲಾ ಹೇಳ್ರಿ. ಕೇಳಿದ ಮ್ಯಾಲೂ ಬ್ಯಾಡಂದ್ರ ಬಿಡ್ಲಿ. ಅಪ್ಪಗೂ ಗೊತ್ತಾಗ್ಲಿ, ನನಗೂ ಮುಚ್ಚಿಟ್ಟು ಸಾಕಾಗೈತಿ," ಅಂದಳು.

ನಾನು ಸೀರೆ ಬದಲಿಸಿ ಸೀದಾ ಕಟ್ಟೆಯ ಹತ್ತಿರ ಹೋದೆ. ಭಾವನ ಸುತ್ತ ನಾಲ್ಕು ಜನ ಹಿರಿಯರಿದ್ದರು. ಹುಡುಗಿ ಬಾಗಿಲಿಗೆ ಬಂದು ನಿಂತಳು.

"ಭಾವಾರ, ಅಥಣಿಗೆ ಹೊಂಟೀನಿ. ಹುಡುಗನ ಅವ್ವನ ಕಡೆ."

ಆತನ ಮುಖ ಅರಳಿತು. "ಈಗರೆ ಬುದ್ಧಿ ಬಂತಲ್ಲ. ಸತ್ತಾನಂತ ಹೇಳ್ತಿ ಹೌದಿಲ್ಲೋ?"

"ಅಲ್ರಿ. ನನ್ನ ಮಗಳನ್ನ ನಿಮ್ಮ ಕೈಯಾಗಿಂದ, ನನ್ನ ಕೈಯಾಗಿಂದ ಬಿಡಿಸಿ ಬಸ್ ಹತ್ತಿಸಿದಾಕಿ ನಿಮ್ಮ ಮಗಳು ಅಂತ ಹೇಳಾಕ."

ಭಾವ ತಿರುಗಿ ಬಾಗಿಲ ಕಡೆ ನೋಡಿದ. ಹುಡುಗಿ ಒಳಗೆ ಹೋಗಲಿಲ್ಲ.