ಮೂರನೆಯ ಬಡಿತಕ್ಕೆ ಕಾದದ್ದು

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ಮುಖದ ಮೇಲೇ ನಗುತ್ತಿದ್ದವನು ನಾನು. ನೀವೂ ನಗುವುದಾದರೆ ನನ್ನ ಅಭ್ಯಂತರವಿಲ್ಲ.

ನೆಲ್ಯಾಡಿಯ ನಮ್ಮ ಮನೆಯ ಮಾಳಿಗೆಯ ಕೋಣೆ ಅಕ್ಕನದು. ಅಮ್ಮ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸಾಕಿದವಳೇ ಅವಳು. ಪಾರ್ಶ್ವವಾಯು ಬಡಿದ ಮೇಲೆ ಅವಳ ಸ್ವರ ಬಾಗಿಲು ದಾಟುತ್ತಿರಲಿಲ್ಲ. ಕೆಳಗೆ ಬಾ ಎಂದರೆ ಮಂಚದ ಪಕ್ಕದ ಕಿಟಕಿ ಬಿಟ್ಟು ಬರಲು ಒಪ್ಪಲಿಲ್ಲ. ಏನು ಬೇಕಾದರೂ ಮಂಚದಿಂದ ಕೈ ಇಳಿಬಿಟ್ಟು ತೆಂಗಿನ ಗೆರಟೆಯಿಂದ ನೆಲಕ್ಕೆ ಬಡಿಯುತ್ತಿದ್ದಳು. ನೀರಿಗೂ ಟಕ್ ಟಕ್, ಫ್ಯಾನಿಗೂ ಟಕ್ ಟಕ್, ಸುಮ್ಮನೆ ಬೇಸರವಾದರೂ ಟಕ್ ಟಕ್. ಕೆಳಗೆ ಮಲಗಿದ ನನಗೆ ತಲೆಚಿಟ್ಟು ಹಿಡಿದುಹೋಗಿತ್ತು.

ಕಾರ್ಪೆಟ್ ಹಾಸಿ ನೋಡಿದೆ, ಸಾಲಲಿಲ್ಲ. ಕೊನೆಗೆ ಹಟ್ಟಿಯಲ್ಲಿ ದನಗಳಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ತಂದು, ಅದರಡಿಗೆ ನಾರಿನ ಚಾಪೆ ಕೊಟ್ಟು, ಗೋಡೆಯಿಂದ ಗೋಡೆಗೆ ಹಾಸಿಬಿಟ್ಟೆ. ಕರೆಯಲು ಒಂದು ಬೆಲ್ ಇಟ್ಟೆ.

"ನಾನೆಂತ ದನವಾ ಮಾರಾಯ?" ಅಂದಳು ಅಕ್ಕ.

"ನೀನು ಜಾರಿ ಬೀಳುದು ಬೇಡ ಅಂತ ಅಕ್ಕ," ಅಂದೆ. ಶುದ್ಧ ಸುಳ್ಳು. ಬೆಲ್ಲಿನ ಗುಂಡಿ ಒತ್ತುವ ಶಕ್ತಿ ಅವಳ ಬೆರಳಿಗಿರಲಿಲ್ಲ. ಅದು ನನಗೆ ಗೊತ್ತಾಯಿತು, ಗೊತ್ತಾಗದವನ ಹಾಗೆ ಇದ್ದೆ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ, ಮೂರರ ಹೊತ್ತಿಗೆ, ಮನೆಯಿಂದ ಬಸ್ಸಿನಲ್ಲಿ ಹೋಗಬೇಕಾದಷ್ಟು ದೂರದ ಗುಂಡ್ಯದ ಹೋಟೆಲೊಂದರಲ್ಲಿ ಚಾ ಕುಡಿಯುತ್ತಾ ಕೂತಿದ್ದೆ. ಘಾಟಿ ಇಳಿದು ಬರುವ ಬಸ್ಸಿನಲ್ಲಿ ನನಗೊಂದು ಪಾರ್ಸೆಲ್ ಬರುವುದಿತ್ತು. ತಲೆಯ ಮೇಲೆ ಟಕ್ ಎಂದಿತು. ಗೆರಟೆಯದೇ ಸದ್ದು. ಮತ್ತೊಮ್ಮೆ ಟಕ್. ಕತ್ತೆತ್ತಿದೆ. ಆ ಹೋಟೆಲಿಗೆ ಮಾಳಿಗೆಯೇ ಇಲ್ಲ, ಬರೀ ತಗಡಿನ ಮಾಡು. ಎದುರಿಗೆ ಕೂತವನು ತನ್ನ ಪಾಡಿಗೆ ಬನ್ಸ್ ಮುರಿಯುತ್ತಿದ್ದ.

ಮನೆಗೆ ಫೋನ್ ಮಾಡೋಣವೆಂದು ಮೊಬೈಲ್ ತೆಗೆದೆ. ಆಗ ಚಿಕ್ಕಂದಿನಲ್ಲಿ ಅಕ್ಕನೇ ಕಲಿಸಿದ್ದ ಮಾತು ನೆನಪಾಯಿತು: "ಕಾಣದವರು ಕರೆದ್ರೆ ಮೂರನೇ ಸಲಕ್ಕೆ ಓ ಅನ್ನು. ಕುಲೆಗಳು ಎರಡೇ ಸಲ ಕರೆಯುದು." ಕುಲೆ ಎಂದರೆ ನಮ್ಮ ಕಡೆ ಸತ್ತವರ ಆತ್ಮ. ಯಾವುದನ್ನೂ ನಂಬದ ನಾನು ಅದೊಂದನ್ನು ನಂಬಿ ಕಾದು ಕೂತೆ. ಮೂರನೆಯದು ಬರಲಿಲ್ಲ. ಮೊಬೈಲನ್ನು ಜೇಬಿಗೆ ಹಾಕಿಕೊಂಡೆ.

ವಾಪಸು ಬಸ್ಸಿನಲ್ಲಿರುವಾಗ ಹೆಂಡತಿಯ ಫೋನ್ ಬಂತು. ಚಾ ಕೊಡಲು ಹೋದಾಗ ಅಕ್ಕ ಮಂಚದ ಪಕ್ಕ ಬಿದ್ದಿದ್ದಳಂತೆ, ಕೈಯಲ್ಲಿ ಗೆರಟೆ. ಜೀವ ಹೋದದ್ದು ಮೂರರ ಆಸುಪಾಸಿಗೆ ಇರಬಹುದು ಎಂದರು ಡಾಕ್ಟರು. ಅದಕ್ಕಿಂತ ನಿಖರವಾಗಿ ಹೇಳಲು ಅವರಿಗೂ ಆಗಲಿಲ್ಲ.

"ಎಂತ ಸದ್ದೂ ಕೇಳ್ಲಿಲ್ಲ, ದೇವರಾಣೆ. ನಾನು ಇಲ್ಲೇ ಅಡಿಯಲ್ಲಿ ಕೂತದ್ದು," ಎಂದು ಹೆಂಡತಿ ಅಳುತ್ತಿದ್ದಳು. ಕೇಳದ ಹಾಗೆ ಮಾಡಿದವನು ನಾನು.

ಒಂದು ಮಾಳಿಗೆ ಇಳಿಯದ ಸದ್ದು ಗುಂಡ್ಯದವರೆಗೆ ಹೇಗೆ ಬಂತೋ ತಿಳಿಯದು. ಆ ಎರಡು ಬಡಿತದ ಹೊತ್ತಿಗೆ ಅವಳು ಬದುಕಿದ್ದಳೋ ಇಲ್ಲವೋ, ಅದೂ ತಿಳಿಯದು. ತನಗೆ ಕೇಳಿಸಲಿಲ್ಲವಲ್ಲ ಎಂದು ಹೆಂಡತಿ ಈಗಲೂ ಮರುಗುತ್ತಾಳೆ. ನನಗೆ ಕೇಳಿಸಿತ್ತು ಎಂದು ಅವಳಿಗೆ ಇನ್ನೂ ಹೇಳಿಲ್ಲ.