ಉಗುರಿಗೆಂದು ಮಾಡಿದ ಮಾತ್ರೆ

ಬೀದಿ ತಿರುವಿನ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಹಾಕುತ್ತಿದ್ದವಳನ್ನು ಎಲ್ಲರೂ ಟೈಲರಕ್ಕ ಎಂದೇ ಕರೆಯುತ್ತಿದ್ದರು. ಶಾಲೆಯ ಸಮವಸ್ತ್ರದಿಂದ ಕಿಟಕಿಯ ಪರದೆಯವರೆಗೆ ಅವಳ ಕೈಗೆ ಒಗ್ಗದ ಬಟ್ಟೆಯಿರಲಿಲ್ಲ. ಮದುವೆಯ ಗೊಡವೆಗೆ ಹೋಗದೆ ಅಣ್ಣ ಅತ್ತಿಗೆಯ ಜೊತೆಗಿದ್ದಳು. ಮಾತು ಮಾತ್ರ ಅವಳ ಕತ್ತರಿಗಿಂತ ಹರಿತ.

ಎಂದೋ ಹಿತ್ತಿಲಲ್ಲಿ ಬೇಲಿ ಸರಿಮಾಡುವಾಗ ಬಲಗಾಲಿನ ಹಿಮ್ಮಡಿಗೆ ಮುಳ್ಳು ಚುಚ್ಚಿತ್ತು. ಕಿತ್ತೆಸೆದು ಮರೆತಿದ್ದಳು. ವರ್ಷಗಳ ಮೇಲೆ ಅಲ್ಲೊಂದು ಗಂಟು ಎದ್ದಿತು. ನೋವಿರಲಿಲ್ಲ. ನೋಯದ ಗಂಟಿಗೆ ಯಾರು ತಲೆಕೆಡಿಸಿಕೊಳ್ಳುತ್ತಾರೆ? ಅದು ಬಲಿತು ಪಾದವೇ ಉಬ್ಬಿತು. ಅಲ್ಲಲ್ಲಿ ತೂತು ಬಿದ್ದು ಕೀವಿನ ಜೊತೆ ಸಾಸಿವೆಗಿಂತ ಸಣ್ಣ ಕಪ್ಪು ಕಾಳುಗಳು ಬರತೊಡಗಿದವು. ಎರಡು ಸಲ ಕೊಯ್ದು ತೆಗೆಸಿದರು. ಎರಡು ಸಲವೂ ಹೋದ ದಾರಿಯಲ್ಲೇ ವಾಪಸು ಬಂತು.

“ಪಾದ ತೆಗೆದುಬಿಡೋದೇ ಒಳ್ಳೇದು” ಎಂದರು ಮೂಳೆ ಡಾಕ್ಟರು.

ಮನೆಗೆ ಬಂದ ಮೇಲೆ ಅಣ್ಣ ನೆಲ ನೋಡುತ್ತ ಹೇಳಿದ: “ಕಾಲು ಹೋದ್ರೆ ಹೋಗ್ಲಿ, ನೀನಿದ್ರೆ ಸಾಕು. ಮಿಷನ್‌ಗೆ ಮೋಟರ್ ಹಾಕಿಸೋಣ.”

“ಮಿಷನ್‌ಗೆ ಹಾಕಿಸ್ತೀಯ. ನನಗೆಲ್ಲಿ ಹಾಕಿಸ್ತೀಯ?” ಎಂದಳು ಟೈಲರಕ್ಕ. “ಇನ್ನೊಬ್ಬರನ್ನ ಕೇಳಿ ನೋಡದೆ ನಾನು ಕಾಲು ಕೊಡಲ್ಲ.”

ಹಾಗೆ ಕೇಳುತ್ತ ಹೋದವಳು ಒಬ್ಬ ಡಾಕ್ಟರಮ್ಮನ ಮುಂದೆ ಕೂತಳು. ಮಣ್ಣಿನಲ್ಲಿರುವ ಬೂಷ್ಟು ಮುಳ್ಳಿನ ಜೊತೆ ಒಳಗೆ ಹೊಕ್ಕು ಬೇರು ಬಿಟ್ಟಿದೆ ಎಂದು ಆಕೆ ಬಿಡಿಸಿ ಹೇಳಿದರು. “ಉಗುರಿಗೆ ಬೂಷ್ಟು ಹಿಡಿದರೆ ಅಂತ ಮಾಡಿದ್ದ ಒಂದು ಮಾತ್ರೆ ಇದೆ. ಅದು ಈ ಕಾಯಿಲೆಗೂ ನಾಟುತ್ತಾ ಅಂತ ನೋಡ್ತಿದ್ದೀವಿ. ಕೆಲವರಿಗೆ ಅದು, ಕೆಲವರಿಗೆ ಹಳೇ ಔಷಧಿ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ. ವಾಸಿಯಾಗುತ್ತೆ ಅಂತ ಮಾತು ಕೊಡೋಕಾಗಲ್ಲ.”

ಅಣ್ಣನಿಗೆ ರೇಗಿತು. “ನನ್ನ ತಂಗಿ ಏನು ಇಲೀನಾ?”

“ಇಲಿಯಾದ್ರೂ ಬೋನು ಕಡಿದು ನೋಡುತ್ತೆ, ಸುಮ್ನಿರಣ್ಣ” ಎಂದು ಟೈಲರಕ್ಕ ಒಪ್ಪಿಗೆಯ ಸಹಿ ಹಾಕಿದಳು.

ಅಂದಿನಿಂದ ಊಟದ ಜೊತೆ ದಿನವೂ ಒಂದು ಹಿಡಿ ಮಾತ್ರೆ. ಬಾಯೆಲ್ಲ ಕಹಿ, ಹೊಟ್ಟೆ ತೊಳಸು. ಮೊದಲ ತಿಂಗಳುಗಳಲ್ಲಿ ಪಾದ ಒಂದಿಷ್ಟೂ ಇಳಿಯಲಿಲ್ಲ. ಅಳತೆ ಟೇಪು ಸುತ್ತಿ ನೋಡುವಳು, ಅದೇ ಸುತ್ತಳತೆ; ಟೇಪನ್ನು ಸುರುಳಿ ಸುತ್ತಿಟ್ಟು ಮತ್ತೆ ಕೆಲಸಕ್ಕೆ ಕೂರುವಳು. ಮಾತ್ರೆ ಬಿಡೆಂದು ಅಣ್ಣ ಗೊಣಗಿದಾಗ ಅತ್ತಿಗೆ ಅಡ್ಡ ಬಂದಳು: “ಹೊಲಿದಿದ್ದು ಸರಿಯಿಲ್ಲ ಅಂದ್ರೆ ಹತ್ತು ಸಲ ಬಿಚ್ಚಿ ಹೊಲಿಯೋಳು ಅವಳು. ಇದನ್ನ ಅರ್ಧಕ್ಕೆ ಬಿಡ್ತಾಳಾ?” ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುವಾಗಲೆಲ್ಲ ಅತ್ತಿಗೆಯೇ ಜೊತೆಗಿದ್ದು, ಊದಿದ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು.

ಒಂದು ದಿನ ಟೇಪು ಸಡಿಲವಾಯಿತು. ಟೈಲರಕ್ಕನಿಗೆ ನಂಬಿಕೆ ಬರಲಿಲ್ಲ. ಅತ್ತಿಗೆಯ ಕೈಗೆ ಕೊಟ್ಟು, “ನೀವು ಹಿಡೀರಿ, ನಾನು ಆಸೆಗೆ ಬಿಗಿ ಮಾಡ್ತಿದ್ದೀನೇನೋ” ಎಂದಳು. ಅತ್ತಿಗೆ ಅಳೆದಳು. ಪಾದ ಇಳಿದಿದ್ದು ನಿಜ. ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ವರ್ಷ ತುಂಬುವ ಹೊತ್ತಿಗೆ ತೂತುಗಳು ಮುಚ್ಚಿದ್ದವು. ಉಳಿದ ಗಂಟನ್ನು ಡಾಕ್ಟರು ಕೊಯ್ದು ತೆಗೆದರು. ಹಿಮ್ಮಡಿಯಲ್ಲಿ ಗುಳಿಯೊಂದು ಉಳಿಯಿತು, ನಡಿಗೆಯಲ್ಲಿ ಸಣ್ಣ ಕುಂಟು. ಪಾದ ಮಾತ್ರ ಅವಳದೇ ಆಗಿ ಉಳಿಯಿತು.

ಎಲ್ಲರ ಮೇಲಿನ ಔಷಧಿ ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಗುಟ್ಟು ಬಿಟ್ಟುಕೊಟ್ಟರು: “ನಿಮಗೆ ಬಿದ್ದಿದ್ದು ಹೊಸ ಔಷಧಿ. ಹಳೇದು ದಿನಾ ಬೇಕು, ಇದು ವಾರಕ್ಕೊಮ್ಮೆ ಸಾಕು. ಬೇರೆ ದಿನಗಳದ್ದು ಬರೀ ಹಿಟ್ಟಿನ ಮಾತ್ರೆ, ಯಾರಿಗೂ ಗುರುತು ಸಿಗಬಾರದು ಅಂತ.”

“ಹಿಟ್ಟಿಗಾ ನನ್ನ ಬಾಯಿ ಅಷ್ಟು ಕಹಿಯಾಗಿದ್ದು?”

“ಬಾಯಿ ಮೊದಲಿಂದ ಹಾಗೇ ಇತ್ತಲ್ಲ” ಎಂದಳು ಅತ್ತಿಗೆ. ಡಾಕ್ಟರಮ್ಮನೂ ನಕ್ಕುಬಿಟ್ಟರು. ಹೊಸತು ಹಳೆಯದಕ್ಕಿಂತ ಬಹಳ ಮೇಲೇನೂ ಅಲ್ಲ, ಎರಡರಲ್ಲೂ ಕೆಲವರಿಗೆ ಗುಣವಾಗಲಿಲ್ಲ ಎಂದೂ ಅವರು ಮುಚ್ಚಿಡದೆ ಹೇಳಿದರು.

ಆ ಮಾತು ಟೈಲರಕ್ಕನ ಮನಸ್ಸಿನಲ್ಲಿ ಉಳಿಯಿತು. ಈಗಲೂ ತಪಾಸಣೆಗೆ ಹೋದಾಗ, ಅದೇ ಕಾಯಿಲೆಗೆ ಬಂದು ಮಾತ್ರೆ ಬಿಡುತ್ತೇನೆಂದು ಹಟ ಹಿಡಿದ ಇಟ್ಟಿಗೆ ಗೂಡಿನ ಕೂಲಿಯವನೊಬ್ಬನ ಪಕ್ಕ ಹೋಗಿ ಕೂರುತ್ತಾಳೆ. ಚಪ್ಪಲಿ ಬಿಚ್ಚಿ ಗುಳಿ ಬಿದ್ದ ಹಿಮ್ಮಡಿ ತೋರಿಸುತ್ತಾಳೆ.

“ನಿನಗೂ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲಪ್ಪ. ಆದ್ರೆ ಅರ್ಧಕ್ಕೆ ಬಿಟ್ರೆ ಏನಾಗುತ್ತೆ ಅಂತ ಇಬ್ಬರಿಗೂ ಗೊತ್ತು. ತಗೋ, ನೀರು ಕುಡಿ.”

ಅವನು ಗೊಣಗುತ್ತಲೇ ಮಾತ್ರೆ ಬಾಯಿಗೆ ಹಾಕಿಕೊಳ್ಳುತ್ತಾನೆ.